ಕಾಲಿಗೆ ತಿಳಿಯದ ಮರಳು

ಕಡಲು ನೋಡೋಕೆ ಕರಕೊಂಡು ಹೋಗ್ತೀನಿ ಅಂದಾಗ ನಮ್ಮವ್ವ ಕೇಳಿದ್ದು ಒಂದೇ ಮಾತು. “ಅಲ್ಲಿ ಯಾನ ಕೆಲ್ಸ?”

ಕೆಲಸ ಏನೂ ಇಲ್ಲ ಕಣವ್ವ, ಉಣ್ಣೋದು, ಮಲಗೋದು, ನೀರು ನೋಡೋದು ಅಂದೆ.

“ನೀರ ನೋಡಕ್ಕೆ ಅಷ್ಟು ದೂರ ಓಗ್ಬೇಕಾ? ನಮ್ ನಾಲೇಲಿ ಅರಿಯೋದು ಯಾನ, ಮಜ್ಜಿಗೆಯಾ?” ಅಂದಳು.

ಅವಳ ಹತ್ತಿರ ಮಾತಲ್ಲಿ ಗೆದ್ದವರು ನಮ್ಮ ವಂಶದಲ್ಲೇ ಇಲ್ಲ. ನಾನು ನಂಜನಗೂಡಿನ ಪ್ರೈಮರಿ ಶಾಲೆಯಲ್ಲಿ ಅರವತ್ತು ಮಕ್ಕಳನ್ನು ಒಂದು ಕಣ್ಸನ್ನೆಯಲ್ಲಿ ಕೂರಿಸುತ್ತಿದ್ದೆ, ಅವ್ವನ ಎದುರಿಗೆ ಮಾತ್ರ ನನ್ನ ಆಟ ನಡೆಯುತ್ತಿರಲಿಲ್ಲ. ಆದರೆ ಆ ಸಲ ನಾನು ಬಿಡಲಿಲ್ಲ. ಬಿಡುವ ಹಾಗೂ ಇರಲಿಲ್ಲ.

ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ನನ್ನ ಮಗಳಿಗೆ ಆಗ ಎಂಟು ವರ್ಷ. ಅವ್ವ ಹುಲ್ಲಹಳ್ಳಿಯಿಂದ ಮೂರು ಮೈಲಿ ಆಚೆಯ ನಮ್ಮೂರಲ್ಲಿ ಅಣ್ಣನ ಮನೆಯಲ್ಲಿದ್ದಳು. ಹತ್ತು ವರ್ಷದ ಹುಡುಗಿಯಾಗಿದ್ದಾಗ ಕೆಸರಿಗೆ ಇಳಿದವಳು ಐವತ್ತೈದು ದಾಟಿದರೂ ಮೇಲೆ ಬಂದಿರಲಿಲ್ಲ. ಊರಿನ ನಾಟಿ ಹೆಂಗಸರ ಗುಂಪಿಗೆ ಅವಳೇ ಹಿರಿಯಾಳು. ನಾಲೆಗೆ ನೀರು ಬಿಟ್ಟರು ಅಂದರೆ ಗದ್ದೆಯವರು ನಮ್ಮ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಅವ್ವ ಯಾವ ದಿನ ಅಂದಳೋ ಆ ದಿನವೇ ನಾಟಿ.

ಅವಳಿಗೆ ಸಕ್ಕರೆ ಕಾಯಿಲೆ ಬಂದು ಆರೇಳು ವರ್ಷವಾಗಿತ್ತು. ನಂಜನಗೂಡಿನ ಡಾಕ್ಟರು ಪ್ರತಿ ಸಲವೂ ಅವಳಿಗೆ ಅದೇ ಮಾತು ಹೇಳುತ್ತಿದ್ದರು. ಬರಿಗಾಲಲ್ಲಿ ಓಡಾಡಬೇಡಿ, ಕೆಸರಿಗೆ ಇಳಿಯಬೇಡಿ, ಒಂದು ಸಣ್ಣ ಗಾಯ ಕೀವಾದರೆ ಬೆರಳು ತೆಗೆಯಬೇಕಾಗುತ್ತೆ. “ಕಾಲು ನೋವುಂಟಾ?” ಅಂತ ಕೇಳುತ್ತಿದ್ದರು. “ಯಾನೂ ನೋವಿಲ್ಲ ಸಾ, ಕಲ್ಲಿದ್ದಂಗವೆ” ಅಂತ ಅವ್ವ ಸೀರೆ ಎತ್ತಿ ಪಾದ ತೋರಿಸುತ್ತಿದ್ದಳು. ಆಮೇಲೆ ಬಸ್ಸು ಹತ್ತಿ ಊರಿಗೆ ಹೋಗಿ ಮಾರನೇ ದಿನ ಮತ್ತೆ ಕೆಸರಿಗೆ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಎಷ್ಟು ಕೂಗಾಡಿದೆನೋ ಲೆಕ್ಕವಿಲ್ಲ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ.

ಅದಕ್ಕೇ ಈ ಕಡಲಿನ ಉಪಾಯ. ನಾಲ್ಕು ದಿನ ಕೂತು ಉಂಡರೆ ಕೂರುವ ಸುಖ ಅವಳಿಗೂ ಹತ್ತಬಹುದು, ನಾಲೆಗೆ ನೀರು ಬರುವುದರೊಳಗೆ ‘ನಾಟಿ ಸಾಕು’ ಅನ್ನಿಸಿಬಿಡಬೇಕು ಅನ್ನುವುದು ನನ್ನ ಎಣಿಕೆ. ನಮ್ಮ ಶಾಲೆಯಲ್ಲಿ ಕರಾವಳಿ ಕಡೆಯ ಮೇಡಂ ಒಬ್ಬರಿದ್ದರು. ಉಡುಪಿಯಿಂದ ಮುಂದೆ, ಕಡಲ ದಡದ ಒಂದು ಸಣ್ಣ ಊರಲ್ಲಿ ಅವರ ಪರಿಚಯದ ಹೆಂಗಸಿನ ಮನೆ, ಹೊರಗಿನ ಕೋಣೆ ಖಾಲಿ ಇದೆ, ಹೋಗಿ ಅಂದರು. ಗಂಡನಿಗೆ ಫ್ಯಾಕ್ಟರಿಯಲ್ಲಿ ರಜ ಸಿಗಲಿಲ್ಲ. ಅವ್ವ, ನಾನು, ಮಗಳು, ಮೂವರೇ ಹೊರಟೆವು.

ಹೊರಡುವ ಹಿಂದಿನ ದಿನ ಅವ್ವನನ್ನು ಕರೆದುಕೊಂಡು ಬರಲು ಊರಿಗೆ ಹೋಗಿದ್ದೆ. ಬಸ್ ಸ್ಟಾಪಿಗೆ ನಡೆಯುವ ದಾರಿಯಲ್ಲೇ ಚಿಕ್ಕವ್ವನ ಮನೆ. ಚಿಕ್ಕವ್ವ ಅಂದರೆ ಅವ್ವನ ಒಡಹುಟ್ಟಿದ ತಂಗಿ. ಇಬ್ಬರನ್ನೂ ಒಂದೇ ಊರಿಗೆ ಕೊಟ್ಟಿದ್ದರು. ಅವಳು ಜಗಲಿಯ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದಳು. ನಾನು, “ಬತ್ತೀವಿ ಚಿಕ್ಕವ್ವ” ಅಂದೆ. “ಉಸಾರು ಕಣವ್ವ” ಅಂದಳು. ಅವ್ವ ಮಾತ್ರ ಆ ಕಡೆ ತಿರುಗಿಯೂ ನೋಡಲಿಲ್ಲ. ಅಕ್ಕ ತಂಗಿ ಮಾತು ಬಿಟ್ಟು ಆಗಲೇ ಒಂಬತ್ತು ತಿಂಗಳಾಗಿತ್ತು.

ಅದರ ಕಾರಣ ಹೇಳಬೇಕಾದರೆ ನಾಟಿಯ ವಿಷಯ ಸ್ವಲ್ಪ ಹೇಳಬೇಕು. ನಾಟಿ ಮಾಡುವ ಹೆಂಗಸರು ಮುಂದಕ್ಕೆ ಹೋಗುವುದಿಲ್ಲ, ಹಿಂದಕ್ಕೆ ಹೋಗುತ್ತಾರೆ. ಸೊಂಟ ಬಗ್ಗಿಸಿ, ಎಡಗೈಯಲ್ಲಿ ಪೈರಿನ ಕಟ್ಟು ಹಿಡಿದು, ಬಲಗೈಯಲ್ಲಿ ಎರಡು ಮೂರು ಪೈರು ಬಿಡಿಸಿ ಕೆಸರಿಗೆ ಚುಚ್ಚುತ್ತಾ ಒಂದೊಂದೇ ಹೆಜ್ಜೆ ಹಿಂದೆ ಇಡುತ್ತಾರೆ. ಕಣ್ಣು ನೆಟ್ಟ ಪೈರಿನ ಮೇಲೆ. ಬೆನ್ನ ಹಿಂದೆ ಏನಿದೆ ಅಂತ ನೋಡುವುದು ಕಾಲು. ತಾನು ಊರಿ ಎತ್ತಿದ ಹೆಜ್ಜೆಯ ಗುಂಡಿ ಎಲ್ಲಿ, ಗಟ್ಟಿ ಕೆಸರು ಎಲ್ಲಿ ಅಂತ ಪಾದಕ್ಕೇ ತಿಳಿಯಬೇಕು. ಹೆಜ್ಜೆಯ ಗುಂಡಿಗೆ ನೆಟ್ಟ ಪೈರು ಬೇರು ಹಿಡಿಯುವುದಿಲ್ಲ, ಮಾರನೇ ದಿನ ನೀರಿನ ಮೇಲೆ ತೇಲಿಕೊಂಡು ಬರುತ್ತದೆ. ಹೊಸಬರ ಕೈಯಲ್ಲಿ ತೇಲಿದರೆ ನಗುತ್ತಾರೆ. ಹಳಬರ ಕೈಯಲ್ಲಿ ತೇಲಿದರೆ ಅದು ತಲೆ ತಗ್ಗಿಸುವ ವಿಷಯ.

ಹಿಂದಿನ ವರ್ಷ ಒಬ್ಬರ ಗದ್ದೆಯಲ್ಲಿ ಅದೇ ಆಯಿತು. ಸಾಲಿನ ತುದಿಯಲ್ಲಿ ಅವ್ವ, ಅವಳ ಪಕ್ಕದಲ್ಲಿ ಚಿಕ್ಕವ್ವ. ನಲವತ್ತು ವರ್ಷದಿಂದ ಇಬ್ಬರೂ ಹಾಗೇ ಅಕ್ಕಪಕ್ಕ ನಿಂತು ನೆಟ್ಟವರು. ಆ ಇಬ್ಬರ ನಡುವಿನ ಪಟ್ಟೆಯಲ್ಲಿ ಪೈರು ಮಾರು ಮಾರಿಗೂ ತೇಲಿತ್ತು. ಗದ್ದೆಯವನು ಬದುವಿನ ಮೇಲೆ ನಿಂತು ಬಾಯಿಗೆ ಬಂದ ಹಾಗೆ ಅಂದ. ಯಾರು ನೆಟ್ಟಿದ್ದು ಇದನ್ನ ಅಂತ ಕೇಳಿದ. ಅವ್ವ ತಂಗಿಯ ಕಡೆ ಕೈ ತೋರಿಸಿದಳು. ಚಿಕ್ಕವ್ವ ಅಕ್ಕನ ಮುಖವನ್ನೊಮ್ಮೆ ನೋಡಿ, “ಕೆಸ್ರು ಸಡ್ಲ ಇತ್ತು ಸಾ” ಅಂದಳಂತೆ. ಅಷ್ಟೇ. ಅದಕ್ಕೆ ಅವ್ವ, ಹತ್ತು ಹೆಂಗಸರ ಮುಂದೆ, “ಕುಣೀನಾರದ ಸೂಳೆ ನೆಲ ಡೊಂಕು ಅಂದ್ಲಂತೆ” ಅಂದುಬಿಟ್ಟಳು. ಒಡಹುಟ್ಟಿದವಳಿಗೆ ಗಂಡಸರ ಎದುರಿಗೆ ಆಡುವ ಗಾದೆಯಾ ಅದು? ಚಿಕ್ಕವ್ವ ಕೈಯಲ್ಲಿದ್ದ ಪೈರಿನ ಕಟ್ಟನ್ನು ಬದುವಿನ ಮೇಲೆ ಇಟ್ಟು, ನಾಲೆಯಲ್ಲಿ ಕಾಲು ತೊಳೆದುಕೊಂಡು ಮನೆಗೆ ಹೋದಳು. ಆ ವರ್ಷ ಅವಳು ಮತ್ತೆ ನಾಟಿಗೆ ಇಳಿಯಲಿಲ್ಲ. ಕಬ್ಬಿನ ಗದ್ದೆಗೆ ಕಳೆ ಕೀಳಲು ಹೋದಳು.

ಇದೆಲ್ಲ ನನಗೆ ಅಣ್ಣನ ಹೆಂಡತಿ ಹೇಳಿದ್ದು. ನಾನು ಅವ್ವನ ಪರವೇ ಇದ್ದೆ. ಅವ್ವನ ಕೈ ತಪ್ಪುವುದು ಅಂದರೆ ಸೂರ್ಯ ಪಡುವಣದಲ್ಲಿ ಹುಟ್ಟಿದ ಹಾಗೆ ಅಂತಲೇ ತಿಳಿದಿದ್ದೆ.

ಮೈಸೂರಿನಿಂದ ಬೆಳಗಿನ ಬಸ್ಸು. ಘಟ್ಟ ಇಳಿಯುವಾಗ ಮಗಳು ಎರಡು ಸಲ ವಾಂತಿ ಮಾಡಿಕೊಂಡಳು, ಅವ್ವ ಒಂದು ಸಲವೂ ಇಲ್ಲ. ನಿಂಬೆಹಣ್ಣು ಮೂಸಿ ನೋಡುತ್ತಾ ಕಿಟಕಿಯ ಹೊರಗೆ ಕಣ್ಣು ನೆಟ್ಟಿದ್ದಳು. ಊರು ಹತ್ತಿರ ಬಂದ ಮೇಲೆ ನನ್ನ ಕಿವಿಯ ಬಳಿ ಬಗ್ಗಿ, “ನಾವು ಯಾವ ಜನ ಅಂತ ಆ ಮನೆಯೋರ್ಗೆ ಯೋಳಿದ್ದಿಯಾ?” ಅಂತ ಕೇಳಿದಳು. ಹೇಳಿದೀನಿ ಕಣವ್ವ ಅಂದೆ. “ಯಾನಂದ್ರು?” ಅಂದಳು. ಮೀನು ತಿಂತೀರಾ ಅಂತ ಕೇಳಿದ್ರು ಅಂದೆ. ಅವ್ವನಿಗೆ ಸಮಾಧಾನ ಆಯಿತು.

ಮನೆಯೊಡತಿ ಅವ್ವನ ವಯಸ್ಸಿನವರೇ. ಮೀನು ಒಣಗಿಸಿ ಮಾರುವ ಕಸುಬು. ಅವ್ವ ಅಭ್ಯಾಸಬಲದಿಂದ ಹೊಸಿಲಿನ ಆಚೆಯೇ ನಿಂತಿದ್ದಾಗ, “ಎಂತ ಹೊರಗೆ ನಿಂತದ್ದು? ಒಳಗೆ ಬನ್ನಿ ಮಾರಾಯ್ರೆ” ಅಂತ ಕೈ ಹಿಡಿದು ನೇರ ಅಡುಗೆಮನೆಗೇ ಕರೆದೊಯ್ದರು. ಕುಚ್ಚಲಕ್ಕಿ ಅನ್ನ, ಮೀನಿನ ಸಾರು. ಅವ್ವ ಆ ದಪ್ಪ ಅಗುಳನ್ನು ಬೆರಳಲ್ಲಿ ಒತ್ತಿ ನೋಡಿ, ಇದು ಯಾವ ತಳಿ, ಎಷ್ಟು ತಿಂಗಳ ಬೆಳೆ ಅಂತೆಲ್ಲ ವಿಚಾರಿಸಿದಳು. ನಮ್ಮ ಕೋಣೆಯಿಂದ ಹತ್ತು ತೆಂಗಿನ ಮರ ದಾಟಿದರೆ ಕಡಲು. ಸದ್ದು ಮನೆಯೊಳಗೇ ಕೇಳುತ್ತಿತ್ತು.

ಸಂಜೆ ಬಿಸಿಲು ಇಳಿದ ಮೇಲೆ ಮೂವರೂ ಹೋದೆವು. ಅವ್ವ ಕಡಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. “ಇದ್ರ ಬದ ಎಲ್ಲದೆ?” ಅಂತ ಕೇಳಿದಳು. ಈ ಕಡೆಯದು ಇದೇ, ಆ ಕಡೆಯದು ಕಾಣಲ್ಲ ಅಂದೆ. “ಒಂದೇ ಬದ ಇಟ್ಕಂಡು ಇಷ್ಟು ನೀರ ನಿಲ್ಲಿಸವ್ನಲ್ಲಪ್ಪ!” ಅಂದಳು. ಆಮೇಲೆ ಬಗ್ಗಿ ಒಂದು ಬೊಗಸೆ ನೀರು ತೆಗೆದು, ನಮ್ಮ ಕಪಿಲೆ ಹೊಳೆಯಲ್ಲಿ ಮಾಡುವ ಹಾಗೇ ಕಣ್ಣಿಗೊತ್ತಿ ಬಾಯಿಗೆ ಹಾಕಿಕೊಂಡಳು. ಉಪ್ಪು ಅಂತ ಗೊತ್ತಿದ್ದೂ ಕೈ ಕೇಳಬೇಕಲ್ಲ. ಥೂ ಥೂ ಅಂತ ಉಗಿದಳು. ಮಗಳು ಬಿದ್ದು ಬಿದ್ದು ನಕ್ಕಳು.

ಮೂವರೂ ಕೈ ಕೈ ಹಿಡಿದು ಮೊಣಕಾಲು ಮುಳುಗದಷ್ಟು ನೀರಲ್ಲಿ ನಿಂತೆವು. ಅವ್ವ ಕಡಲಿಗೆ ಬೆನ್ನು ಮಾಡಿ ದಡದ ಕಡೆ ಮುಖ ಮಾಡಿ ನಿಂತಳು, ಗದ್ದೆಯಲ್ಲಿ ನಿಂತ ಹಾಗೆ. ತಿರುಗಿ ನಿಲ್ಲವ್ವ, ಅಲೆ ಹಿಂದಿನಿಂದ ಬಂದು ಬೀಳಿಸುತ್ತೆ ಅಂದರೆ, “ನಂಗೆ ಇಂಗೇ ಸರಿ” ಅಂದಳು. ಅಲೆ ಬಂದು ವಾಪಸು ಹೋಗುವಾಗ ಕಾಲಡಿಯ ಮರಳನ್ನು ಎಳೆದುಕೊಂಡು ಹೋಗುತ್ತದಲ್ಲ, ಆಗ ಅಂಗಾಲಿಗೆ ಕಚಗುಳಿ. ನಿಂತಲ್ಲೇ ಕುಸಿಯುತ್ತಿದ್ದೇವೆ ಅನ್ನಿಸುತ್ತದೆ. ಮಗಳು ಕಿಟಾರನೆ ಕಿರುಚಿದಳು. ನನಗೂ ನಗು ತಡೆಯಲಾಗಲಿಲ್ಲ, ನಾನೂ ಮಗುವಿನ ಹಾಗೆ ಕೂಗಿದೆ. ಅವ್ವ ನಮ್ಮಿಬ್ಬರ ಮುಖ ನೋಡಿದಳು. ನೋಡಿ, ಆಮೇಲೆ ನಕ್ಕಳು. ಮುಂದಿನ ಅಲೆಗೂ ಹಾಗೇ, ನಾವು ನಕ್ಕ ಮೇಲೆ ನಕ್ಕಳು. ನಾನು ಅದನ್ನು ಗಮನಿಸಿದೆ, ಆದರೆ ತಲೆಗೆ ಹಚ್ಚಿಕೊಳ್ಳಲಿಲ್ಲ. ವಯಸ್ಸಾದವರು, ಸಂಕೋಚ ಇರಬೇಕು ಅಂದುಕೊಂಡೆ.

ಬೆಳಗ್ಗೆ ನಾನು ಏಳುವಷ್ಟರಲ್ಲಿ ಅವ್ವ ಅಂಗಳ ಗುಡಿಸಿ, ತೆಂಗಿನ ಗರಿ ಒಂದು ಕಡೆ ಒಟ್ಟಿ, ಬಾವಿಯಿಂದ ನೀರು ಸೇದಿ ಹಂಡೆ ತುಂಬಿಸಿದ್ದಳು. ಮನೆಯೊಡತಿ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದರು. “ನೆಂಟರು ಬಂದು ಗುಡಿಸಿದ್ರೆ ಊರವರು ನನ್ನನ್ನು ನೋಡಿ ನಗುದಿಲ್ವಾ?” ಅಂದರು.

“ಕೂತು ತಿನ್ನೋರಿಗೆ ಕುಡಿಕೆ ಒನ್ನು ಸಾಲ್ದು ಕಣಕ್ಕ” ಅಂದಳು ಅವ್ವ.

“ನಾಲ್ಕು ದಿವಸಕ್ಕೆ ಕುಡಿಕೆ ಎಲ್ಲಿ ಖಾಲಿ ಆಗ್ತದೆ, ಕೂತ್ಕೊಳ್ಳಿ” ಅಂದರು ಅವರು. ಅವ್ವನಿಗೆ ಮಾತಲ್ಲಿ ಸಮಜೋಡಿ ಸಿಕ್ಕರು ಅಂತ ನನಗೆ ಖುಷಿಯೋ ಖುಷಿ.

ಆ ಬೆಳಗ್ಗೆ ಎಷ್ಟು ನಿಧಾನವಾಗಿತ್ತು ಅಂದರೆ, ನನ್ನ ನೌಕರಿಯ ಅಷ್ಟೂ ವರ್ಷದಲ್ಲಿ ಅಂಥ ಬೆಳಗ್ಗೆ ನಾನು ಕಂಡಿರಲಿಲ್ಲ. ಗಂಟೆ ಇಲ್ಲ, ಹಾಜರಿ ಪುಸ್ತಕ ಇಲ್ಲ, ಬಸ್ಸು ತಪ್ಪುವ ಭಯವಿಲ್ಲ. ಗಂಜಿ ಉಂಡು ಜಗಲಿಯ ಕಂಬಕ್ಕೆ ಒರಗಿದೆ. ಮಗಳು ಗೇರುಹಣ್ಣು ಕಚ್ಚಿ ಅಂಗಿಯೆಲ್ಲ ಕರೆ ಮಾಡಿಕೊಂಡಳು, ಬೈಯಲಿಲ್ಲ. ಅವ್ವ ಮನೆಯೊಡತಿಯ ಜೊತೆ ಮೀನು ಹರಡುತ್ತಾ ಅವರ ಸೊಸೆಯ ಕಥೆ ಕೇಳುತ್ತಿದ್ದಳು. ಇದೇ ಬೇಕಿತ್ತು ನನಗೆ. ನಾಲೆ, ನಾಟಿ, ಡಾಕ್ಟರು ಎಲ್ಲಾ ಮರೆತು ಹೋಗಿತ್ತು.

ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ದೋಣಿಗಳು ದಡಕ್ಕೆ ಬಂದವು ಅಂತ ಮಗಳು ಓಡಿದಳು. ಚಪ್ಪಲಿ ಹಾಕಿರಲಿಲ್ಲ. ತೆಂಗಿನ ನೆರಳು ದಾಟಿ ಮರಳಿಗೆ ಕಾಲಿಟ್ಟದ್ದೇ ತಡ, ಅಯ್ಯಯ್ಯೋ ಅಂತ ಒಂಟಿಕಾಲಲ್ಲಿ ಕುಣಿಯತೊಡಗಿದಳು. ಅವಳನ್ನು ಎತ್ತಿಕೊಳ್ಳಲು ಓಡಿದ ನಾನೂ ಬರಿಗಾಲು. ಮೇ ತಿಂಗಳ ಮರಳು, ಕಾದ ಹಂಚು. ಇಬ್ಬರೂ ಕುಣಿಯುವುದನ್ನು ನೋಡಿ ಮೀನಿನ ಹೆಂಗಸರು ನಗುತ್ತಿದ್ದರು. ಆಗ ಅವ್ವ ಬಂದಳು. ಸಂತೆಗೆ ಹೋಗುವವಳ ಹಾಗೆ, ಬರಿಗಾಲಲ್ಲಿ, ನಿಧಾನವಾಗಿ. ಬಂದು ಮೊಮ್ಮಗಳನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡಳು. ದೋಣಿಯವರೆಗೂ ನಡೆದು, ಮೀನು ತೋರಿಸಿ, ಅಲ್ಲೇ ನಿಂತು ಅವರ ಜೊತೆ ಎರಡು ಮಾತಾಡಿ ವಾಪಸು ಬಂದಳು. ಮೀನಿನ ಹೆಂಗಸರಿಗೇ ಆಶ್ಚರ್ಯ, ಅವರೂ ಆ ಹೊತ್ತಿಗೆ ಚಪ್ಪಲಿ ಮೆಟ್ಟುತ್ತಿದ್ದರು.

“ನೋಡುದ್ರಾ? ಇದು ಗದ್ದೆ ಕಾಲು. ನಿಮ್ಮಂಗೆ ಚಪ್ಲೀಲಿ ಸಾಕಿರೋ ಕಾಲಲ್ಲ” ಅಂದಳು ಅವ್ವ ನೆರಳಿಗೆ ಬಂದು. ನನಗೂ ಹೆಮ್ಮೆಯಾಯಿತು. ನಮ್ಮವ್ವನ ಕಾಲು ಅಂದರೆ ಕಾಲಪ್ಪ ಅಂತ ಮನೆಯೊಡತಿಗೆ ನಾನೇ ಕೊಚ್ಚಿಕೊಂಡೆ. ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಊಟವಾಗಿ ಚಾಪೆ ಹಾಸಿ ಮಲಗಿದೆವು. ಅರೆನಿದ್ದೆಯಲ್ಲಿ ನನಗೆ ತಲಕಾಡಿನ ಮರಳು ನೆನಪಾಯಿತು. ನನಗೆ ಕೆಲಸದ ಆರ್ಡರ್ ಬಂದ ವರ್ಷ, ಹತ್ತು ಹನ್ನೊಂದು ವರ್ಷದ ಹಿಂದೆ, ಮೊದಲ ಶಾಲೆ ತಿರುಮಕೂಡಲು ನರಸೀಪುರದ ಕಡೆ ಸಿಕ್ಕಿತ್ತು. ಆ ಖುಷಿಗೆ ಅವ್ವನನ್ನೂ ಚಿಕ್ಕವ್ವನನ್ನೂ ತಲಕಾಡಿಗೆ ಕರೆದುಕೊಂಡು ಹೋಗಿದ್ದೆ. ಅದೂ ಬೇಸಿಗೆ, ಅದೂ ನಡು ಮಧ್ಯಾಹ್ನ. ಅಕ್ಕ ತಂಗಿ ಇಬ್ಬರೂ ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ, ಒಬ್ಬರ ಕೈ ಒಬ್ಬರು ಹಿಡಿದು, “ಸತ್ನಲ್ಲೇ ಅಕ್ಕಾ, ಸುಡ್ತದಲ್ಲೇ” ಅಂತ ಬೊಬ್ಬೆ ಹೊಡೆಯುತ್ತಾ ಒಂದು ಮರದ ನೆರಳಿನಿಂದ ಇನ್ನೊಂದು ಮರದ ನೆರಳಿಗೆ ಓಡಿದ್ದರು. ಅವ್ವ ಚಿಕ್ಕವ್ವನಿಗಿಂತ ಜೋರಾಗಿ ಕುಣಿದಿದ್ದಳು. ಆಗಲೂ ಅದು ಗದ್ದೆ ಕಾಲೇ.

ನಾನು ಎದ್ದು ಕೂತೆ. ಅವ್ವ ಗೋಡೆಯ ಕಡೆ ಮುಖ ಮಾಡಿ ನಿದ್ದೆ ಹೋಗಿದ್ದಳು, ಪಾದ ನನ್ನ ಕಡೆಗೆ. ಬಲಗಾಲಿನ ಅಂಗಾಲಿನ ತುಂಬ ನೀರು ತುಂಬಿದ ಬೊಬ್ಬೆ. ಎಡಗಾಲಿನಲ್ಲಿ ಹೆಬ್ಬೆರಳ ಕೆಳಗೆ ಒಂದು ಒಡೆದು ಚರ್ಮ ಸುಲಿದಿತ್ತು. ಅವಳು ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು.

ಎಬ್ಬಿಸಿ ಕೂಗಾಡಿದೆ. ಎಂಟು ವರ್ಷದ ಮಗು ಹೆದರಿ ಅಳುವಷ್ಟು ಕೂಗಾಡಿದೆ. ಡಾಕ್ಟರಿಗೆ ಸುಳ್ಳು ಹೇಳಿಕೊಂಡು ಬಂದೆಯಲ್ಲ, ಕಾಲು ಕತ್ತರಿಸಿದರೆ ಸಮಾಧಾನವಾ ನಿನಗೆ ಅಂತ ಅಂದೆ. ಅವ್ವ ಕಾಲು ಮಡಚಿ ಅಂಗಾಲು ನೋಡಿಕೊಂಡಳು. ಬೆರಳಿನಿಂದ ಒತ್ತಿದಳು. ಮತ್ತೂ ಗಟ್ಟಿಯಾಗಿ ಒತ್ತಿದಳು.

“ನಾನು ಸುಳ್ಳು ಯೋಳ್ನಿಲ್ಲ ಕಣವ್ವ. ನೋವದಾ ಅಂತ ಕೇಳುದ್ರು. ನೋವಿಲ್ಲ ಅಂದೆ. ಈಗ್ಲೂ ಇಲ್ಲ” ಅಂದಳು.

ನಮ್ಮ ಕಡೆ ನೋವು ಬಂದರೆ ಕಾಯಿಲೆ, ನೋವು ಹೋದರೆ ವಾಸಿ. ಸಕ್ಕರೆ ಕಾಯಿಲೆ ಅಂಗಾಲಿನ ಅರಿವನ್ನೇ ಕಳೆಯುತ್ತೆ, ನೋವೇ ಬಾರದಿರುವುದೂ ಒಂದು ಕಾಯಿಲೆ ಅಂತ ಅವಳಿಗೆ ಯಾರು ಹೇಳಿದ್ದರು? ಮೇಡಂ ಆಗಿ ನಾನಾದರೂ ಬಿಡಿಸಿ ಹೇಳಿದ್ದೆನಾ? ಬರೀ ಬೈದಿದ್ದೆ.

ಮನೆಯೊಡತಿ ಊರಿನ ಆಸ್ಪತ್ರೆಯ ನರ್ಸನ್ನು ಕರೆಸಿದರು. ಆಕೆ ಗಾಯ ತೊಳೆದು, ಔಷಧಿ ಹಚ್ಚಿ ಬ್ಯಾಂಡೇಜು ಕಟ್ಟಿದರು. ಬೇಗ ನೋಡಿದ್ದಕ್ಕೆ ಬಚಾವು, ಎರಡು ದಿನ ನೆಲಕ್ಕೆ ಕಾಲಿಡಬೇಡಿ ಅಂದರು. ಅಂತೂ ನಾನು ಬಯಸಿದ ಹಾಗೆ ಅವ್ವ ಕೂತಳು. ಮೂರನೇ ದಿನ ಇಡೀ ಜಗಲಿಯ ಮೇಲೆ, ಎರಡೂ ಕಾಲನ್ನು ಸ್ಟೂಲಿನ ಮೇಲೆ ಚಾಚಿ, ತೆಂಗಿನ ಮರಗಳ ನಡುವಿನಿಂದ ಕಾಣುವ ಕಡಲನ್ನು ನೋಡುತ್ತಾ ಕೂತಿದ್ದಳು. ಮಗಳು ಆಗಾಗ ಓಡಿ ಬಂದು ಒಂದೊಂದು ಕಪ್ಪೆಚಿಪ್ಪನ್ನು ಅಜ್ಜಿಯ ಮಡಿಲಿಗೆ ಹಾಕಿ ಹೋಗುತ್ತಿದ್ದಳು. ಗಾಳಿ ತಣ್ಣಗಿತ್ತು. ಮನೆಯೊಡತಿ ಎಳನೀರು ಕೆತ್ತಿ ತಂದುಕೊಟ್ಟರು. ಅವ್ವ ಬೇಡ ಅನ್ನದೆ ಕುಡಿದಳು. ಅವಳು ಹಾಗೆ ಕೈಯಲ್ಲಿ ಕೆಲಸವಿಲ್ಲದೆ ಕೂತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಸಂಜೆ ಹೊತ್ತಿಗೆ ನನ್ನನ್ನು ಹತ್ತಿರ ಕರೆದಳು.

“ಮೊನ್ನೆ ನೀರಲ್ಲಿ ನಿಂತಿದ್ದಾಗ ನೀನೂ ಕೂಸೂ ನಗ್ತಿದ್ರಲ್ಲ. ನೀರು ಇಂದಕ್ಕೆ ಓಗುವಾಗ. ಯಾನ ಆಯ್ತದೆ ಅಲ್ಲಿ?”

ಅವಳ ಪಕ್ಕದಲ್ಲಿ ಕೂತು ಹೇಳಿದೆ. ಕಾಲಡಿಯ ಮರಳು ಜಾರುತ್ತೆ ಕಣವ್ವ, ಕಚಗುಳಿ ಆಗುತ್ತೆ, ಹಿಮ್ಮಡಿಯ ಹತ್ತಿರ ಗುಂಡಿ ಬಿದ್ದು ಹಿಂದಕ್ಕೆ ವಾಲಿದ ಹಾಗಾಗುತ್ತೆ.

“ಗುಂಡಿ ಬೀಳದು ಗೊತ್ತಾಯ್ತದಾ?”

“ಗೊತ್ತಾಗುತ್ತೆ.”

“ನಂಗೆ ಗೊತ್ತಾಗ್ನಿಲ್ಲ” ಅಂದಳು. ಬ್ಯಾಂಡೇಜಿನ ಮೇಲೆ ಕೈಯಾಡಿಸಿ, “ಗದ್ದೇಲೂ ಗೊತ್ತಾಗ್ನಿಲ್ಲ” ಅಂದಳು.

ಆಮೇಲೆ ಅವಳು ಹೇಳಿದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ. ಎರಡು ವರ್ಷದಿಂದ ಕೆಸರು ಯಾಕೋ ಬರಬರುತ್ತಾ ಮೆತ್ತಗಾಗುತ್ತಿದೆ, ಹತ್ತಿಯ ಮೇಲೆ ನಿಂತ ಹಾಗಾಗುತ್ತದೆ ಅಂತ ಅವಳು ಅಂದುಕೊಂಡಿದ್ದಳಂತೆ. ಗೊಬ್ಬರ ಬದಲಾಗಿರಬೇಕು, ಟ್ರ್ಯಾಕ್ಟರು ಉಳುವುದರಿಂದ ಇರಬೇಕು ಅಂತ. ಹೆಜ್ಜೆ ಎಲ್ಲಿ ಬಿತ್ತು ಅಂತ ತಿಳಿಯದೆ ಅಂದಾಜಿನ ಮೇಲೆ ನೆಡುತ್ತಿದ್ದಳಂತೆ. “ತೇಲಿದ್ದು ನಂದೇ ಕಣವ್ವ” ಅಂದಳು. “ನಮ್ ತಂಗೀದಲ್ಲ. ನೆಲ ಡೊಂಕು ಅಂದಿದ್ದು ಅವಳಲ್ಲ, ನಾನು.” ಅಷ್ಟು ಹೇಳಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಕಾಲಿಗಾಗಿ ಒಂದು ಹನಿ ಹಾಕದವಳು ತಂಗಿಗಾಗಿ ಬಿಕ್ಕಿ ಬಿಕ್ಕಿ ಅತ್ತಳು. ನಾನೂ ಅತ್ತೆ. ಕಡಲಿನ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ಇನ್ನೂ ಒಂದು ದಿನ ಉಳಿದೆವು. ಹೊರಡುವಾಗ ಮನೆಯೊಡತಿ ತಮ್ಮ ಕೈಯಾರೆ ಅವ್ವನಿಗೆ ಒಂದು ಜೊತೆ ಮೆತ್ತನೆಯ ರಬ್ಬರ್ ಚಪ್ಪಲಿ ಮೆಟ್ಟಿಸಿದರು. ಅವ್ವ ಅವರ ಹತ್ತಿರ ಒಂದು ದೊಡ್ಡ ಕಟ್ಟು ಒಣಮೀನು ತೆಗೆದುಕೊಂಡಳು. ಇಷ್ಟು ಯಾಕವ್ವ, ಬಸ್ಸೆಲ್ಲ ನಾರುತ್ತೆ ಅಂದೆ. “ನಮ್ ತಂಗಿಗೆ ಇಷ್ಟ” ಅಂದಳು.

ಆ ಸಂಜೆ ನಂಜನಗೂಡಿನ ನಮ್ಮ ಮನೆಯಲ್ಲಿ ಉಳಿದು, ಮಾರನೇ ದಿನ ಊರಿಗೆ ಹೋದೆವು. ಬಸ್ಸು ಇಳಿದವಳೇ ಅವ್ವ ನಮ್ಮ ಮನೆಗೆ ಹೋಗಲಿಲ್ಲ. ಹೊಸ ಚಪ್ಪಲಿಯಲ್ಲಿ ತಡವರಿಸುತ್ತಾ ನೇರ ಚಿಕ್ಕವ್ವನ ಮನೆಯ ಮುಂದೆ ಹೋಗಿ ನಿಂತಳು. ಚಿಕ್ಕವ್ವ ಜಗಲಿಯಲ್ಲಿ ಮೊರ ಹಿಡಿದು ಅಕ್ಕಿ ಕೇರುತ್ತಿದ್ದಳು. ತಲೆ ಎತ್ತಲಿಲ್ಲ.

“ತೇಲಿದ್ದು ನಂದು ಕಣೆ. ನನ್ ಕಾಲು ಸತ್ತೋಗವೆ” ಅಂದಳು ಅವ್ವ.

ಮೊರದ ಸದ್ದು ನಿಂತಿತು. “ನಂಗೊತ್ತಿತ್ತು ಬುಡಕ್ಕ” ಅಂದಳು ಚಿಕ್ಕವ್ವ.

“ಯಾನ ಗೊತ್ತಿತ್ತು?”

“ನಿನ್ ಕಾಲು. ಅದ್ರ ಇಂದ್ಲೊರ್ಷವೇ ಗೊತ್ತಿತ್ತು. ನಾಟೀಲಿ ಗಾಜು ಕುಯ್ದು ನಿನ್ ಸುತ್ತ ನೀರೆಲ್ಲ ಕೆಂಪಗಾಗಿತ್ತು. ಯಾರಿಗೋ ಜಿಗಣಿ ಕಚ್ಚದೆ ನೋಡ್ರೇ ಅಂತ ನೀನೇ ಅಂದೆ. ಅಂದ್ಬುಟ್ಟು ನೆಡ್ತಾನೇ ಇದ್ದೆ.”

ಅವ್ವ ಅಲ್ಲೇ ಜಗಲಿಯ ಅಂಚಿಗೆ ಕೂತುಬಿಟ್ಟಳು. “ಅಂಗಾದ್ರೆ ಗದ್ದೆಯವ್ನು ಕೇಳ್ದಾಗ ಯಾಕೆ ಬಾಯಿ ಬುಡ್ನಿಲ್ಲ ನೀನು?”

“ಅವ್ನು ಮುಂದೇ ನಿಂತಿದ್ನಲ್ಲ. ನಮ್ಮಕ್ಕನ ಕಾಲು ಓಗವೆ ಅಂತ ನಾನಂದಿದ್ರೆ, ನಾಳಿಂದ ನಿನ್ನ ಯಾರು ಕರೀತಿದ್ರು?”

ಅವ್ವ ಕಣ್ಣಿಗೆ ಸೆರಗು ಒತ್ತಿಕೊಂಡಳು. “ನನ್ ಬಾಯಿ ಸೇದೋಗ, ಯಾನ ಅಂದ್ಬುಟ್ನಲ್ಲ ನಿನ್ನ” ಅಂತ ತಲೆ ತಲೆ ಚಚ್ಚಿಕೊಂಡಳು. ಚಿಕ್ಕವ್ವ ಮೊರ ಪಕ್ಕಕ್ಕಿಟ್ಟು ಬಂದು ಅಕ್ಕನ ಕೈ ಹಿಡಿದುಕೊಂಡಳು. ಆಮೇಲೆ ಮೂಗೆಳೆದು, “ಒಣಮೀನು ವಾಸನೆ ಒಡೀತದೆ, ಯಾರ್ಗೆ ತಂದೆ?” ಅಂದಳು.

ಚಿಕ್ಕವ್ವನ ಮೇಲೆ ನನಗೆ ಕೋಪ ಬರಬೇಕಿತ್ತು. ಗೊತ್ತಿದ್ದೂ ಮುಚ್ಚಿಟ್ಟಳು, ಅಕ್ಕನ ಕೆಲಸ ಉಳಿಸೋಕೆ ಹೋಗಿ ಅಕ್ಕನ ಕಾಲನ್ನೇ ಪಣಕ್ಕಿಟ್ಟಳು. ಇನ್ಯಾರಾದರೂ ಆಗಿದ್ದರೆ ನಾನು ಸುಮ್ಮನೆ ಬಿಡುವವಳಲ್ಲ. ಆದರೆ ಒಂಬತ್ತು ತಿಂಗಳು ಆ ಗಾದೆಯನ್ನು ನುಂಗಿಕೊಂಡು ಕಬ್ಬಿನ ಗರಿಯಲ್ಲಿ ಕೈ ಕುಯ್ದುಕೊಂಡವಳ ಮೇಲೆ ಯಾವ ಬಾಯಿಂದ ಕೂಗಾಡಲಿ? ನಾನು ಒಳಗೆ ಹೋಗಿ ಒಲೆ ಹಚ್ಚಿ ಟೀಗೆ ನೀರಿಟ್ಟೆ.

ಜುಲೈನಲ್ಲಿ ನಾಲೆಗೆ ನೀರು ಬಂತು. ಒಂದು ಭಾನುವಾರ ನಾನೂ ಹೋಗಿದ್ದೆ. ಸಾಲಿನ ತುದಿಯಲ್ಲಿ ಅವ್ವ ನಿಲ್ಲುತ್ತಿದ್ದ ಜಾಗಕ್ಕೆ ಯಾರು ಅಂತ ಹೆಂಗಸರು ಮುಖ ಮುಖ ನೋಡಿಕೊಂಡರು. ಅವ್ವ ಬದುವಿನ ಮೇಲೆ ರಬ್ಬರ್ ಚಪ್ಪಲಿಯಲ್ಲಿ ನಿಂತಿದ್ದಳು, ಸೀರೆ ಎತ್ತಿ ಕಟ್ಟಿರಲಿಲ್ಲ. ಒಬ್ಬಳು ಚಿಕ್ಕ ವಯಸ್ಸಿನವಳು ಆ ತುದಿಗೆ ಇಳಿಯಲು ಬಂದಾಗ ಚಿಕ್ಕವ್ವ ಕೈ ಅಡ್ಡ ಹಿಡಿದು, “ನೀನು ಆ ಕಡೆ ಓಗವ್ವ” ಅಂದಳು. ಬಗ್ಗಿ ಎಡಗೈಗೆ ಪೈರಿನ ಕಟ್ಟು ತೆಗೆದುಕೊಂಡಳು. ಅವ್ವನ ಪಟ್ಟೆಯನ್ನೂ ತನ್ನ ಪಟ್ಟೆಯನ್ನೂ ಅವತ್ತು ಅವಳೊಬ್ಬಳೇ ನೆಟ್ಟಳು.